ನೆತ್ತಿ ಖಾಲಿ, ಬಲಕ್ಕೆ ಎರಡು

ನನ್ನ ಅಕ್ಕನನ್ನು ಊರೆಲ್ಲ ಕೋವಿಯಕ್ಕ ಎಂದು ಕರೆಯುತ್ತದೆ. ಹೆಸರು ಕೇಳಿ ಬರುವವರು ಗದರುವ ಗಂಟಲಿನ, ಆಜಾನುಬಾಹು ಹೆಂಗಸೊಬ್ಬಳನ್ನು ಊಹಿಸಿಕೊಂಡು ಬರುತ್ತಾರೆ. ಅಂಗಡಿಯೊಳಗೆ ಕಾಲಿಟ್ಟರೆ ಕಾಣುವುದು ಕನ್ನಡಕವನ್ನು ಹಣೆಗೇರಿಸಿಕೊಂಡು ಆ ಕನ್ನಡಕವನ್ನೇ ಹುಡುಕುತ್ತಿರುವ, ಐವತ್ತೆರಡು ವರ್ಷದ ಒಂದು ಪೀಚು ಜೀವ. "ಯಜಮಾನ್ರು ಇಲ್ವಾ?" ಎಂದು ಕೇಳುತ್ತಾರೆ. "ಇದಾರೆ, ಕನ್ನಡಕ ಹುಡುಕ್ತಿದಾರೆ" ಎಂದು ನಾನು ಮುಂದಿನ ಮೇಜಿನಿಂದ ಉತ್ತರ ಕೊಡುತ್ತೇನೆ. ಇಪ್ಪತ್ತೈದು ವರ್ಷದಿಂದ ಕೊಡುತ್ತಲೇ ಇದ್ದೇನೆ.

ಅಂಗಡಿಯೆಂದರೆ ಉದ್ದನೆಯ ಒಂದೇ ಕೋಣೆ. ಬೀದಿಯ ಕಡೆಗೆ ನನ್ನ ಮೇಜು, ದಾಖಲೆ ಪುಸ್ತಕ, ಪರವಾನಗಿ ಕಾಗದಗಳ ಕಡತ. ನಡುವೆ ಕಬ್ಬಿಣದ ಜಾಲರಿ. ಅದರಾಚೆ ಕಿಟಕಿಯ ಕೆಳಗೆ ಅಕ್ಕನ ಕೆಲಸದ ಹಲಗೆ, ಅದರ ತುದಿಗೆ ಕಬ್ಬಿಣವನ್ನು ಬಿಗಿದು ಹಿಡಿಯುವ, ಅಪ್ಪನ ಕಾಲದ ಹಿಡಿಕಟ್ಟು, ಗೋಡೆಗೆ ಕಬ್ಬಿಣ ಉಜ್ಜುವ ಅರಗಳ ಸಾಲು. ರಿಪೇರಿಗೆ ಬಂದ ಕೋವಿಗಳು ಬೀಗ ಹಾಕಿದ ಉಕ್ಕಿನ ಕಪಾಟಿನಲ್ಲಿ. ನಾನು ಹುಟ್ಟಿದ್ದೇ ಈ ಅಂಗಡಿಯ ಮಾಳಿಗೆಯ ಮೇಲೆ, ಆದರೂ ಬಲೂನು ಒಡೆದರೆ ಕಿವಿ ಮುಚ್ಚಿಕೊಳ್ಳುವ ಹೆಣ್ಣು ನಾನು. ಅದಕ್ಕೇ ನನ್ನ ಪಾಲಿಗೆ ಲೇಖನಿ ಬಂತು, ಅಕ್ಕನ ಪಾಲಿಗೆ ಅರ ಹೋಯಿತು.

ಅಪ್ಪನಿಗೆ ಬಲಗಣ್ಣಿರಲಿಲ್ಲ. ಅಕ್ಕನಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಯಾರೋ ಒಂದು ಹಳೆಯ ರಿವಾಲ್ವರ್ ತಂದು, "ಮೊನ್ನೆ ತಾನೇ ಹೊಡೆದಿದೀವಿ, ಏನೂ ಆಗಿಲ್ಲ" ಎಂದರು. ಅಪ್ಪ ನಂಬಿದರು. ಕಪ್ಪು ಮದ್ದಿನ ಕಾಲದ ಆಯುಧಕ್ಕೆ ಈಗಿನ ಮದ್ದಿನ ತೋಟಾ ಹಾಕಿ ಟ್ರಿಗರ್ ಎಳೆದರು. ಹಳೆಯ ಉಕ್ಕು ಹೊಸ ಮದ್ದಿನ ಬಿರುಸು ತಡೆಯದೆ ಸಿಡಿಯಿತು. ಆಸ್ಪತ್ರೆಯಿಂದ ಬಂದ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕ ಮಾರನೆಯ ದಿನವೇ ಹಲಗೆಯ ಮುಂದೆ ನಿಂತಳು. ಅಂದಿನಿಂದ ಅವಳು ಯಾರ ಬಾಯಿಮಾತನ್ನೂ ನಂಬಿದವಳಲ್ಲ. ಕಣ್ಣಿಂದ ನೋಡಿದ್ದನ್ನು ಮಾತ್ರ ಬರೆಯುತ್ತಾಳೆ. ಆಯುಧ ನೋಡಿ ಮುಗಿಯುವವರೆಗೆ ಅದರ ಕಥೆ ಕೇಳುವುದಿಲ್ಲ. ನೋಡುವುದಾದರೂ ಎಷ್ಟು ಹೊತ್ತು! ಇವಳು ಮುಗಿಸುವಷ್ಟರಲ್ಲಿ ಗಿರಾಕಿಯ ಗಡ್ಡ ಒಂದಿಂಚು ಬೆಳೆದಿರುತ್ತದೆ.

ಇಂಥವಳ ಬಳಿಗೆ ದರ್ಜಿಯಮ್ಮ ಬಂದರು.

ಎಪ್ಪತ್ತರ ಹತ್ತಿರದ ಮುದುಕಿ, ನೆಟ್ಟಗೆ ಕಡ್ಡಿಯ ಹಾಗೆ ನಿಲ್ಲುವವರು, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದವರು. ಗುಂಡಿಗಳನ್ನು ಇಡುವ ತಗಡಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಅಸ್ತರಿನ ಬಟ್ಟೆಯಲ್ಲಿ ಸುತ್ತಿದ ರಿವಾಲ್ವರ್ ಇತ್ತು. ಕೆಳಗೆ ಹಳದಿಗಟ್ಟಿದ ಕಾಗದಗಳ ಒಂದು ಕಟ್ಟು, ಮೇಲೆ ಅವರ ಹೆಸರಿನ ಪರವಾನಗಿ. ಅವರು ಯಾರೆಂದು ಹೊಳೆದದ್ದೇ ತಡ, ನನ್ನ ನಾಲಿಗೆ ನನ್ನನ್ನು ಕೇಳದೆ ಓಡಿತು.

"ಓ, ನೀವು ಮೂರ್ಸಲದ ಮಗಳಲ್ವಾ?"

ಅವರ ಮುಖ ಕಪ್ಪಿಟ್ಟಿತು. ನಾನು ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ್ದು ಆಡಿಯಾಗಿತ್ತು.

ಆ ಅಡ್ಡಹೆಸರು ಹಳಬರಿಗೆಲ್ಲ ಗೊತ್ತು. ಅರವತ್ತು ವರ್ಷದ ಹಿಂದೆ ದರ್ಜಿಯಮ್ಮನ ಅಪ್ಪ ನೂಲಿನ ಗಿರಣಿಯ ಉಗ್ರಾಣದಲ್ಲಿ ಕಾವಲುಗಾರ. ಒಂದು ಮಧ್ಯಾಹ್ನ ತಾಮ್ರ ಕದಿಯಲು ನಾಲ್ಕು ಜನ ನುಗ್ಗಿದರು. ಅಡ್ಡ ಬಂದ ಉಗ್ರಾಣದ ಗುಮಾಸ್ತನ ತಲೆ ಒಡೆದರು, ಕಾವಲುಗಾರನನ್ನೂ ಕಬ್ಬಿಣದ ಸಲಾಕೆಯಿಂದ ಬಡಿದು ಕೆಡವಿದರು. ಗುಮಾಸ್ತ ವಾರದಲ್ಲಿ ತೀರಿಕೊಂಡ. ಕಾವಲುಗಾರನ ಕೈಯಲ್ಲಿ ರಿವಾಲ್ವರ್ ಇತ್ತು, ಅದರಲ್ಲಿ ಗಿರಣಿಯವರು ಕೊಟ್ಟಿದ್ದ ಎರಡು ತೋಟಾ ಇದ್ದವು, ಎರಡೂ ಹಾರಿರಲಿಲ್ಲ. ಅವನು ಹೇಳಿದ್ದು ಒಂದೇ ಮಾತು: "ಮೂರು ಸಲ ಎಳೆದೆ. ಮೂರು ಸಲಾನೂ ಟಕ್ ಅಂತು." ಯಾರೂ ನಂಬಲಿಲ್ಲ. ಎರಡು ತೋಟಾ ಇದ್ದವನು ಮೂರು ಸಲ ಎಳೆದನಂತೆ ಎಂದು ನಕ್ಕರು. ಕೆಲಸ ಹೋಯಿತು. ಆಮೇಲೆ ಮೂವತ್ತು ವರ್ಷ ಮಂಚಕ್ಕೆ ಪಟ್ಟಿ ಹೆಣೆದು ಬದುಕಿದ. ಬೀದಿಗೆ ಬಂದರೆ ಮಕ್ಕಳು "ಮೂರ್ಸಲ, ಮೂರ್ಸಲ" ಎಂದು ಹಿಂದೆ ಬೀಳುತ್ತಿದ್ದವು. ಮಕ್ಕಳಿಗೆ ಹೇಳಿಕೊಟ್ಟವರು ದೊಡ್ಡವರೇ.

"ಗಿರಣಿಗೆ ನೂರು ವರ್ಷ ಆಗ್ತಿದೆ" ಎಂದರು ದರ್ಜಿಯಮ್ಮ, ನನ್ನ ಮುಖ ನೋಡದೆ ಜಾಲರಿಯಾಚೆಯ ಅಕ್ಕನಿಗೆ. "ಪುಸ್ತಕ ಮಾಡ್ತಿದಾರೆ. ಅದರಲ್ಲಿ ಅಪ್ಪನ ವಿಷಯ ಹಾಕಿದಾರೆ. 'ಕಾವಲುಗಾರ ಹೆದರಿ ಗುಂಡು ಹಾರಿಸದೆ ನಿಂತ' ಅಂತ. ಪುಸ್ತಕ ಬರೆಯೋರನ್ನ ಹೋಗಿ ಕೇಳ್ದೆ. ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತಂತೆ. ಅಷ್ಟರೊಳಗೆ ಏನಾದ್ರೂ ಪುರಾವೆ ತಂದ್ರೆ ಆ ಮಾತು ತೆಗೀತಾರಂತೆ. ಇದು ಅದೇ ರಿವಾಲ್ವರು. ಗಿರಣಿಯೋರು ಹಳೇ ಆಯುಧ ಮಾರ್ದಾಗ ಅಪ್ಪ ಪರವಾನಗಿ ಮಾಡಿಸ್ಕೊಂಡು ಇದನ್ನೇ ತಗೊಂಡ್ರು. ಇದು ಕೆಟ್ಟಿದೆ ಅಂತ ಒಂದು ಸಾಲು ಬರ್ದುಕೊಡಿ. ಸಾಕು."

"ನೋಡಿದ ಮೇಲೆ ಬರೀತೀನಿ" ಎಂದಳು ಅಕ್ಕ.

"ಕೆಟ್ಟೇ ಇರುತ್ತೆ. ನಮ್ಮಪ್ಪ ಸುಳ್ಳು ಹೇಳೋರಲ್ಲ."

"ಇರಬಹುದಮ್ಮಾ. ಆದ್ರೂ ನೋಡಿದ ಮೇಲೇ."

ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು.

ಅಕ್ಕ ಮೊದಲು ರಿವಾಲ್ವರನ್ನು ತೆರೆದು ಖಾಲಿಯೆಂದು ನೋಡಿದಳು. ಮತ್ತೆ ನೋಡಿದಳು. ಮೂರನೆಯ ಸಲ ನನಗೆ ತೋರಿಸಿ, "ಖಾಲಿ ತಾನೆ?" ಎಂದಳು. ನಾನು ಒಂದು ಕಣ್ಣು ಮುಚ್ಚಿಕೊಂಡೇ ಹೌದೆಂದೆ. ಮಧ್ಯದ ಕೀಲಿನಲ್ಲಿ ಮಡಚಿಕೊಂಡು, ನಳಿಗೆ ಕೆಳಕ್ಕೆ ಬಾಗಿ ತೆರೆದುಕೊಳ್ಳುವ ಬಗೆ ಅದು. ತೋಟಾ ಕೂರುವ ಆರು ಮನೆಗಳ ಉರುಳೆ ಆಗ ಪೂರ್ತಿ ಕಾಣುತ್ತದೆ. ಅವಳು ಹೇಳುತ್ತ ಹೋದಳು, ನಾನು ಬರೆದುಕೊಂಡೆ. ತಯಾರಕರ ಹೆಸರು ಸವೆದಿದೆ. ಚೌಕಟ್ಟು, ನಳಿಗೆ, ಉರುಳೆ, ಮೂರರ ಮೇಲೂ ಒಂದೇ ಸಂಖ್ಯೆ. ಉರುಳೆ ಬಲಕ್ಕೆ ತಿರುಗುತ್ತದೆ. ನಳಿಗೆಯೊಳಗೆ ಏಳು ಗೀರು. ಕಪ್ಪು ಮದ್ದಿನ ಕಾಲದ್ದು.

"ಆ ಕಾಗದದಲ್ಲಿ ರಿವಾಲ್ವರಿನ ಸಂಖ್ಯೆ ಇದ್ರೆ ಅದನ್ನಷ್ಟೇ ಓದು. ಬೇರೆ ಏನೂ ಓದ್ಬೇಡ" ಎಂದಳು. ಕಟ್ಟಿನಲ್ಲಿದ್ದದ್ದು ಆ ದರೋಡೆಯ ಮೇಲೆ ಆಗ ನಡೆದ ವಿಚಾರಣೆಯ ನಕಲು. ಸಂಖ್ಯೆ ಓದಿದೆ. ತಾಳೆಯಾಯಿತು. ಅದೇ ಆಯುಧ, ಯಾವ ಭಾಗವೂ ಬದಲಾಗಿಲ್ಲ. ಉಳಿದದ್ದನ್ನು ನಾನು ಕುತೂಹಲ ತಡೆಯಲಾರದೆ ಅಂದು ಮಧ್ಯಾಹ್ನವೇ ಕದ್ದು ಓದಿದೆನೆಂಬುದು ಬೇರೆ ಮಾತು. ಓದಿದರೂ ನನ್ನ ಮಂದ ಬುದ್ಧಿಗೆ ಏನೂ ಹೊಳೆಯಲಿಲ್ಲ.

ಮುಂದಿನ ಆರು ದಿನ ಅವಳು ಆ ಹಳೆಯ ಕಬ್ಬಿಣದ ಹಿಂದೆ ಬಿದ್ದಳು. ಮನೆಯ ಅಳತೆ ತಿಳಿಯಲು ಗಂಧಕ ಕರಗಿಸಿ ಹುಯ್ದು ಅಚ್ಚು ತೆಗೆದಳು. ಅಂಗಡಿಯಿಡೀ ಮೂಗು ಬಿಡಲಾಗದ ನಾತ. ನಳಿಗೆಯ ಅಳತೆಗೆ ಮೆತ್ತನೆಯ ಸೀಸದ ಗುಂಡೊಂದನ್ನು ಮರದ ಕೋಲಿನಿಂದ ಈ ತುದಿಯಿಂದ ಆ ತುದಿಗೆ ತಳ್ಳಿದಳು. ಬಿರುಕು ಹುಡುಕಲು ಬಿಚ್ಚಿದ ಭಾಗಗಳನ್ನು ಒಂದು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಕಾದಳು. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಮೂಡುತ್ತದೆ. ಒಂದು ಗೆರೆಯೂ ಮೂಡಲಿಲ್ಲ. ಒಂದೊಂದು ಮನೆಯೂ ನಳಿಗೆಯ ನೇರಕ್ಕೆ ಸರಿಯಾಗಿ ನಿಲ್ಲುತ್ತದೆಯೇ ಎಂದು ಸಲಾಕೆ ತೂರಿಸಿ ನೋಡಿದಳು. ನಿಲ್ಲುತ್ತಿತ್ತು. ತೋಟಾದ ಬೆನ್ನಿಗೆ ಬಡಿಯುವ ಕುದುರೆಯ ಸ್ಪ್ರಿಂಗು ಬಿಗಿಯಾಗಿತ್ತು, ಅದರ ಮೂತಿ ಸವೆದಿರಲಿಲ್ಲ.

ದರ್ಜಿಯಮ್ಮ ದಿನವೂ ಸಂಜೆ ಬಂದು ಜಾಲರಿ ಹಿಡಿದು ನಿಲ್ಲುತ್ತಿದ್ದರು. "ಏನಾದ್ರೂ ಸಿಕ್ತಾ?"

"ಇಲ್ಲಮ್ಮಾ. ಇವತ್ತು ನೋಡಿದ್ದೂ ಸರಿಯಾಗೇ ಇದೆ."

ಒಳ್ಳೆಯ ಸುದ್ದಿಯೊಂದು ಮನುಷ್ಯರನ್ನು ಹೀಗೆ ದಿನಕ್ಕಿಷ್ಟು ಕುಗ್ಗಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆರನೆಯ ದಿನ ಅವರು ಬಾಗಿಲಲ್ಲೇ ನಿಂತರು. ಅಕ್ಕನ ಮುಖ ನೋಡಿದರು, ತಿರುಗಿ ಹೊರಟರು.

ನನಗೆ ತಡೆಯಲಾಗಲಿಲ್ಲ. ಬಾಗಿಲು ಹಾಕಿದವಳೇ ಅಕ್ಕನ ಮೇಲೆ ಹರಿಹಾಯ್ದೆ. "ಸ್ಪ್ರಿಂಗು ಸ್ವಲ್ಪ ಸಡಿಲ ಅಂತ ಒಂದು ಸಾಲು ಬರ್ದ್ರೆ ನಿನ್ನ ಗಂಟೇನು ಹೋಗುತ್ತೆ? ಅರವತ್ತು ವರ್ಷದ ಹಿಂದಿನ ಸ್ಪ್ರಿಂಗು ಕಣೇ. ಯಾರು ಬಂದು ಅಳೀತಾರೆ?"

"ನಾನೇ ಅಳ್ದಿದೀನಲ್ಲ."

"ಆ ಮುದುಕಿ ಮುಖ ನೋಡು."

"ನೋಡ್ತಾನೇ ಇದೀನಿ ಕಣೇ!" ಅಕ್ಕ ಅರವನ್ನು ಹಲಗೆಯ ಮೇಲೆ ಕುಕ್ಕಿದಳು. ಅವಳು ದನಿಯೇರಿಸುವುದು ಅಪರೂಪ. "ಅವರಪ್ಪನ್ನ ನಿಜ ಹೇಳಿದೋರು ಅಂತ ತೋರಿಸ್ಬೇಕು. ಅದಕ್ಕೆ ನಾನು ಸುಳ್ಳು ಬರೀಲಾ? ನಾಳೆ ಇನ್ನೊಬ್ಬ ಅಳ್ದು ನೋಡಿ ಸುಳ್ಳು ಅಂದ್ರೆ ಆ ಮನುಷ್ಯ ಎರಡನೇ ಸಲ ಸಾಯ್ತಾನೆ. ಇನ್ನೂ ಹೊಡೆದು ನೋಡಿಲ್ಲ. ಹೊಡೀದೆ ನಾನು ಯಾವ ಮಾತೂ ಬರೆಯಲ್ಲ."

ಅವಳು ಮಾಡಿದ್ದು ಸರಿಯೆಂದು ನನಗೆ ಗೊತ್ತಿತ್ತು. ಆದರೂ ಆ ಸಂಜೆಯೆಲ್ಲ ಅವಳೊಡನೆ ಮಾತು ಬಿಟ್ಟೆ. ಅವಳಿಗೆ ಅದು ಗಮನಕ್ಕೆ ಬಂದಂತೆ ಕಾಣಲಿಲ್ಲ, ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತು.

ಎಂಟನೆಯ ದಿನ ಬೆಳಿಗ್ಗೆ ಕೋವಿಯಲ್ಲಿ ಗುರಿ ಹೊಡೆಯುವವರ ಸಂಘದ ಮೈದಾನಕ್ಕೆ ಹೋದೆವು. ಅಲ್ಲಿ ಪರೀಕ್ಷೆಗೆಂದೇ ಒಂದು ಓಣಿ ಇದೆ: ಎರಡು ಬದಿಗೂ ದಪ್ಪ ಗೋಡೆ, ಕೊನೆಗೆ ಆಳೆತ್ತರದ ಮರಳ ದಿಬ್ಬ. ಅಕ್ಕ ಹಿಂದಿನ ದಿನವೇ ಕೈಯಾರೆ ಎಂಟು ತೋಟಾ ತುಂಬಿಟ್ಟಿದ್ದಳು. ಕಪ್ಪು ಮದ್ದು, ಅದೂ ಕಡಿಮೆ ಅಳತೆ, ಮೆತ್ತನೆಯ ಸೀಸದ ಗುಂಡು. ರಿವಾಲ್ವರನ್ನು ಕಬ್ಬಿಣದ ಕಾಲಿನ ಹಿಡಿಕಟ್ಟಿಗೆ ಬಿಗಿದು ಮೂತಿಯನ್ನು ಮರಳಿಗೆ ತಿರುಗಿಸಿದಳು. ಸುತ್ತ ಮರಳುಚೀಲ ಪೇರಿಸಿದಳು. ಟ್ರಿಗರಿಗೆ ಉದ್ದನೆಯ ಹುರಿ ಕಟ್ಟಿ ಅದರ ತುದಿಯನ್ನು ಗೋಡೆಯ ಮರೆಗೆ ತಂದಳು. ನಮಗೆಲ್ಲ ಕನ್ನಡಕ, ಕಿವಿಗೆ ಮುಚ್ಚಳ. ನಾನು ಮುಚ್ಚಳದ ಮೇಲೆ ಕೈಯನ್ನೂ ಇಟ್ಟುಕೊಂಡೆ. ದರ್ಜಿಯಮ್ಮ ಬೆಂಚಿನ ಮೇಲೆ ಡಬ್ಬಿಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದರು.

ಆರು ಮನೆಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಹಾಕಿ, ಒಂದು ಸಲಕ್ಕೆ ಒಂದೇ ತೋಟಾ. ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಿ, ತೋಟಾ ಇದ್ದ ಮನೆಯೇ ನಳಿಗೆಯ ನೇರಕ್ಕೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಗೋಡೆಯ ಮರೆಗೆ ಬಂದು ಹುರಿ ಎಳೆಯುತ್ತಿದ್ದಳು. ಢಂ. ಓಣಿ ತುಂಬ ಬಿಳಿ ಹೊಗೆ. ಹೊಗೆ ಹೋದ ಮೇಲೆ ನಳಿಗೆಯಲ್ಲಿ ಏನೂ ಸಿಕ್ಕಿಕೊಂಡಿಲ್ಲವೆಂದು ಇಣುಕಿ ನೋಡುವುದು, ಖಾಲಿ ತೋಟಾದ ಬೆನ್ನಿನ ತಾಮ್ರದ ಬಿಲ್ಲೆಯಲ್ಲಿ ಕುದುರೆ ಬಡಿದ ತಗ್ಗನ್ನು ಅಳೆಯುವುದು, ಮುಂದಿನ ಮನೆ. ಆರಕ್ಕೆ ಆರೂ ಹಾರಿದವು. ಒಂದೇ ಒಂದು ತಪ್ಪಿದ್ದರೆ ಸಾಕಾಗಿತ್ತು. ನಾನು ಮನಸ್ಸಿನಲ್ಲೇ ಆ ಹಾಳು ಕಬ್ಬಿಣಕ್ಕೆ ಶಾಪ ಹಾಕಿದೆ.

ದರ್ಜಿಯಮ್ಮ ಎದ್ದರು. "ಸಾಕು ಬಿಡಿ, ತಾಯಿ. ವಿಚಾರಣೆ ದಿನಾನೂ ಹೀಗೇ ಆಯ್ತಂತೆ. ಅಧಿಕಾರಿ ಟ್ರಿಗರ್ ಎಳೆದ ಕೂಡ್ಲೇ ಹಾರ್ತಂತೆ. 'ಆಯುಧ ಸರಿ ಇದೆ, ಆಳೇ ಸರಿ ಇಲ್ಲ' ಅಂತ ಬರ್ದು ಮುಗಿಸಿದ್ರು. ನಾನು ಸುಮ್ನೆ ನಿಮ್ಮ ಒಂದು ವಾರ ಹಾಳು ಮಾಡ್ದೆ."

"ಕೂತ್ಕೊಳ್ಳಿ ಅಮ್ಮಾ. ಕೈಯಲ್ಲಿ ಹಿಡಿದು ಹೊಡೆಯೋದು ಬಾಕಿ ಇದೆ. ಎರಡು ತೋಟಾ ಉಳ್ದಿದೆ."

ಈ ಎರಡರಿಂದ ಏನಾಗಬೇಕಿದೆ ಎಂದು ನಾನು ಗೊಣಗಿದೆ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಚ್ಚಳವಿತ್ತಲ್ಲ, ಹಾಕಿಕೊಳ್ಳುವುದಾದರೂ ಹೇಗೆ.

ಅವಳು ಗುಂಡು ಹೊಡೆಯುವವರು ನಿಲ್ಲುವ ಗೆರೆಯ ಬಳಿ ನಿಂತು, ಮೂತಿ ಮರಳಿನ ಕಡೆಗಿಟ್ಟು, ರಿವಾಲ್ವರ್ ತೆರೆದು ಎರಡು ತೋಟಾ ಹಾಕಿದಳು. ಮುಚ್ಚಿದಳು. ಗುರಿ ಹಿಡಿದು ಎಳೆದಳು.

ಟಕ್.

ಅಷ್ಟೇ. ಹೊಗೆಯಿಲ್ಲ, ಬೆಂಕಿಯಿಲ್ಲ. ಅಕ್ಕ ಬೆರಳನ್ನು ಟ್ರಿಗರಿನಿಂದ ತೆಗೆದಳು, ಕೈ ಮಾತ್ರ ಅಲುಗಿಸಲಿಲ್ಲ. ಮದ್ದು ತಡವಾಗಿ ಹತ್ತಿಕೊಂಡರೆ ಕೈಯಲ್ಲೇ ಹಾರುತ್ತದೆ, ಅದಕ್ಕೇ ಮೂತಿಯನ್ನು ಮರಳಿಗೇ ಹಿಡಿದು ಒಂದು ನಿಮಿಷ ಕಾಯಬೇಕು. "ಎಣಿಸೇ" ಎಂದಳು. ನಾನು ಜೋರಾಗಿ ಎಣಿಸತೊಡಗಿದೆ. ಇಪ್ಪತ್ತಕ್ಕೆ ಬಂದಾಗ ಪಕ್ಕದಲ್ಲಿ ತಗಡಿನ ಡಬ್ಬಿ ನೆಲಕ್ಕೆ ಬಿದ್ದ ಸದ್ದಾಯಿತು.

"ಅದೇ" ಎಂದರು ದರ್ಜಿಯಮ್ಮ. ಕಿವಿಯ ಮುಚ್ಚಳ ಸರಿಸಿಕೊಂಡು ನಿಂತಿದ್ದರು. "ಅಪ್ಪ ಮೇಜಿನ ಮೇಲೆ ಉಗುರಿನಲ್ಲಿ ಕುಟ್ಟಿ ತೋರಿಸ್ತಿದ್ರು. ಟಕ್. ಅದೇ ಸದ್ದು."

"ಎಣಿಸೋದು ನಿಲ್ಲಿಸ್ಬೇಡ" ಎಂದಳು ಅಕ್ಕ.

ಅರವತ್ತಾದ ಮೇಲೆ ಮೆಲ್ಲಗೆ, ಅರ್ಧವಷ್ಟೇ ತೆರೆದಳು. ಪೂರ್ತಿ ತೆರೆದರೆ ತೋಟಾಗಳು ಮೇಲೆದ್ದು ಹೊರಬಂದುಬಿಡುತ್ತವೆ. ಇಣುಕಿ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಾಗ ಅವಳ ಮುಖ ಕೆಂಪಾಗಿತ್ತು.

"ತೋಟಾಗಳ ಬೆನ್ನಿನ ಮೇಲೆ ಒಂದು ಗೀರೂ ಇಲ್ಲ. ಕುದುರೆ ಬಡಿದಿದ್ದು ಖಾಲಿ ಮನೆಗೆ. ನನ್ನ ಪುಸ್ತಕದಲ್ಲಿ ಉರುಳೆ ವಿಷಯ ಏನು ಬರೆಸಿದೀನಿ, ಓದು."

"ಉರುಳೆ ಬಲಕ್ಕೆ ತಿರುಗುತ್ತದೆ."

"ಬರೆಸಿದೋಳು ನಾನೇ. ತುಂಬಿದ ಕೈಗೆ ಅದು ಗೊತ್ತೇ ಇಲ್ಲ ನೋಡು."

ನನಗೆ ತಿಳಿಯಲಿಲ್ಲವೆಂದು ಅವಳಿಗೆ ತಿಳಿಯಿತು. ಬಿಡಿಸಿ ಹೇಳಿದಳು. ಕುದುರೆಯ ಕೆಳಗೆ, ಉರುಳೆಯ ನೆತ್ತಿಯಲ್ಲಿರುವ ಮನೆಯನ್ನು ಖಾಲಿ ಬಿಡುವುದು ಹಳೆಯ ವಾಡಿಕೆ. ರಿವಾಲ್ವರ್ ಕೆಳಗೆ ಬಿದ್ದು ಕುದುರೆಗೆ ಪೆಟ್ಟಾದರೂ ಗುಂಡು ಹಾರದಿರಲೆಂದು. ಟ್ರಿಗರ್ ಎಳೆದರೆ ಉರುಳೆ ಒಂದು ಮನೆ ತಿರುಗಿ ಪಕ್ಕದ್ದು ಕುದುರೆಯ ಕೆಳಗೆ ಬರುತ್ತದೆ. ನಮ್ಮ ಅಂಗಡಿಯ ರಿವಾಲ್ವರಿನ ಉರುಳೆ ಎಡಕ್ಕೆ ತಿರುಗುತ್ತದೆ. ಹಾಗಾಗಿ ಬಲಗಡೆಯ ಮನೆ ಮೊದಲು ಬರುತ್ತದೆ, ಅಕ್ಕ ಯಾವಾಗಲೂ ಬಲಕ್ಕೆ ತುಂಬುತ್ತಾಳೆ. ಇದರದ್ದು ತಿರುವುಮುರುವು. ಇದರಲ್ಲಿ ಎಡಗಡೆಯ ಮನೆಗಳು ಮೊದಲು ಬರುತ್ತವೆ. ಮೂವತ್ತಮೂರು ವರ್ಷದ ಅಭ್ಯಾಸದ ಕೈ ಬಲಕ್ಕೇ ತುಂಬಿತ್ತು.

ಹೇಳುತ್ತ ಹೇಳುತ್ತ ಅವಳ ಮಾತು ನಿಂತಿತು. ನಿಧಾನವಾಗಿ ದರ್ಜಿಯಮ್ಮನ ಕಡೆ ನೋಡಿದಳು.

"ಅಮ್ಮಾ, ನಿಮ್ಮಪ್ಪ ತೋಟಾ ತುಂಬೋದನ್ನ ನೀವು ಯಾವತ್ತಾದ್ರೂ ನೋಡಿದ್ರಾ?"

"ದಿನಾ ನೋಡ್ತಿದ್ದೆ. ಕೆಲಸಕ್ಕೆ ಹೊರಡೋ ಮುಂಚೆ ಬಾಗ್ಲಲ್ಲಿ ನಿಂತು ತುಂಬ್ತಿದ್ರು. ನಾನು ಪಕ್ಕದಲ್ಲಿ ನಿಂತು ಹೇಳ್ಬೇಕು, ಆಮೇಲೆ ಹಾಕೋರು." ಎಪ್ಪತ್ತರ ಮುದುಕಿ ಹತ್ತು ವರ್ಷದ ಹುಡುಗಿಯ ರಾಗದಲ್ಲಿ ಹೇಳಿದರು: "ನೆತ್ತಿ ಖಾಲಿ, ಬಲಕ್ಕೆ ಎರಡು."

ನಾನು ಆ ಕಾಗದಗಳನ್ನು ಕದ್ದು ಓದಿದವಳಲ್ಲವೇ! ಬಿದ್ದಿದ್ದ ಡಬ್ಬಿಯಿಂದ ಕಟ್ಟನ್ನು ಎತ್ತಿಕೊಂಡು ಬಿಚ್ಚಿದೆ. ಮೊದಲ ಪುಟದಲ್ಲಿ ಕಾವಲುಗಾರನ ಹೇಳಿಕೆ. "ನನ್ನ ಹಳೇ ರಿವಾಲ್ವರ್ ರಿಪೇರಿಗೆ ಹೋಗಿದ್ದರಿಂದ ನಾಲ್ಕು ದಿನದ ಹಿಂದೆ ಇದನ್ನು ಕೊಟ್ಟರು. ಹೊಡೆದು ನೋಡಲು ತೋಟಾ ಕೊಡಲಿಲ್ಲ. ಎಂದಿನಂತೆ ನೆತ್ತಿ ಖಾಲಿ ಬಿಟ್ಟು ಬಲಕ್ಕೆ ಎರಡು ತುಂಬಿದ್ದೆ." ಐದನೆಯ ಪುಟದಲ್ಲಿ, ಅಂದು ರಿವಾಲ್ವರ್ ತೆರೆದಾಗ ಕಂಡ ಉರುಳೆಯನ್ನು ಅಧಿಕಾರಿ ಬರೆದ ಚಿತ್ರ, ಹಿಂದಿನಿಂದ ನೋಡಿದಂತೆ ಎಂಬ ಟಿಪ್ಪಣಿಯೊಡನೆ. ಆರು ಸೊನ್ನೆಗಳ ಒಂದು ಸುತ್ತು. ಎರಡು ಸೊನ್ನೆಗೆ ಮಸಿ ತುಂಬಿದೆ. ಆ ಎರಡೂ ಎಡಗಡೆ ಇದ್ದವು. ಕೆಳಗೆ ತೀರ್ಪು: ಮುಂದಿನ ಎಳೆತಕ್ಕೆ ಹಾರುವ ಜಾಗದಲ್ಲೇ ತೋಟಾಗಳಿದ್ದವು, ಆದ್ದರಿಂದ ಆಸಾಮಿ ಎಳೆದೇ ಇಲ್ಲ.

ಬಲಕ್ಕೆ ತುಂಬಿದ ತೋಟಾ ಎಡಕ್ಕೆ ಹೇಗೆ ಬಂತೆಂದು ಆ ಮಹಾನುಭಾವರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಈಗ ನೋಡೋಣ" ಎಂದಳು ಅಕ್ಕ. ತೋಟಾಗಳನ್ನು ತೆಗೆದು, ರಿವಾಲ್ವರನ್ನು ಮತ್ತೆ ಹಿಡಿಕಟ್ಟಿಗೆ ಬಿಗಿದು, ನೆತ್ತಿ ಖಾಲಿ ಬಿಟ್ಟು ಬಲಕ್ಕೆ ಎರಡು ಹಾಕಿದಳು. ತುಂಬಿದ್ದನ್ನು ನಮ್ಮಿಬ್ಬರಿಗೂ ತೋರಿಸಿದಳು. ಮುಚ್ಚಿ, ಗೋಡೆಯ ಮರೆಗೆ ಬಂದು ಹುರಿಯ ತುದಿಯನ್ನು ದರ್ಜಿಯಮ್ಮನ ಕೈಗೆ ಕೊಟ್ಟಳು. "ಎಳೀರಿ. ಒಂದೊಂದು ಸಲಕ್ಕೂ ಒಂದು ನಿಮಿಷ ಕಾಯ್ಬೇಕು. ಖಾಲಿ ಮನೆ ಅಂತ ಗೊತ್ತಿದ್ರೂ ಕಾಯ್ಬೇಕು."

ದರ್ಜಿಯಮ್ಮ ಎಳೆದರು. ಟಕ್. ನಾನು ಅರವತ್ತು ಎಣಿಸಿದೆ. ಎರಡನೆಯ ಸಲ ಟಕ್. ಮತ್ತೆ ಎಣಿಸಿದೆ. ಈಗ ನನ್ನ ದನಿ ಮೂವತ್ತರಲ್ಲೇ ಒಡೆಯಿತು, ಅಕ್ಕ ಮುಂದುವರಿಸಿದಳು. ಮೂರನೆಯ ಸಲ ಅವರು ಹುರಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು.

ಟಕ್.

ಅರವತ್ತಾದ ಮೇಲೆ ಅಕ್ಕ ಹೋಗಿ ರಿವಾಲ್ವರಿನ ಹಿಂದೆ ನಿಂತು ಅರ್ಧ ತೆರೆದಳು. ನಮ್ಮನ್ನು ಕರೆದಳು. ದರ್ಜಿಯಮ್ಮ ಚಿತ್ರದ ಪುಟವನ್ನು ಪಕ್ಕದಲ್ಲಿ ಹಿಡಿದರು. ಆರು ಮನೆ, ಎಡಕ್ಕೆ ಎರಡು ಹಿತ್ತಾಳೆಯ ಬೆನ್ನು. ಚಿತ್ರಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಒಂದು ಸಲ ಎಳೆದಿದ್ರೆ ಇವು ಇಲ್ಲಿಗೆ ಬರ್ತಿರ್ಲಿಲ್ಲ" ಎಂದಳು ಅಕ್ಕ. "ಎರಡು ಸಲ ಎಳೆದಿದ್ರೂ ಇಲ್ಲ. ಎಳೀದೇ ಇದ್ದಿದ್ರೆ ಬಲಕ್ಕೇ ಇರ್ತಿದ್ವು. ಮೂರೇ ಸಲ. ನಿಮ್ಮಪ್ಪ ಲೆಕ್ಕ ತಪ್ಪಿಲ್ಲ."

ದರ್ಜಿಯಮ್ಮ ಚಿತ್ರವನ್ನೂ ಆ ಎರಡು ಹಿತ್ತಾಳೆಯ ಬೆನ್ನುಗಳನ್ನೂ ಇನ್ನೊಮ್ಮೆ ತಾಳೆ ನೋಡಿದರು. ಆಮೇಲೆ ಅವರು ಕೇಳಿದ್ದು, ಕೇಳದಿರಲಪ್ಪಾ ಎಂದು ನಾನು ಬೇಡಿಕೊಳ್ಳುತ್ತಿದ್ದ ಮಾತನ್ನೇ.

"ಇನ್ನೊಂದು ಸಲ ಎಳೆದಿದ್ರೆ?"

ಅಕ್ಕ ಸುಳ್ಳು ಹೇಳುವವಳಲ್ಲ. "ಹಾರ್ತಿತ್ತು."

"ಗುಮಾಸ್ತ ಬದುಕ್ತಿದ್ದ."

"ಅದು ನಂಗೊತ್ತಿಲ್ಲ ಅಮ್ಮಾ. ನಾನು ನೋಡಿಲ್ಲ. ಆದ್ರೆ ಕೈಯಲ್ಲಿ ಎರಡೇ ತೋಟಾ ಇದ್ದೋನು ಎರಡು ಸಲ ಟಕ್ ಅಂದ್ಮೇಲೂ ಓಡ್ಲಿಲ್ಲ. ಮೂರನೇ ಸಲ ಎಳ್ದ. ಎದುರಿಗೆ ನಾಲ್ಕು ಜನ ಸಲಾಕೆ ಹಿಡಿದು ನಿಂತಿದ್ರು. ಹೆದ್ರಿದೋನು ಮಾಡೋ ಕೆಲ್ಸನಾ ಅದು?"

ಆಗ ದರ್ಜಿಯಮ್ಮ ಅತ್ತರು. ಸದ್ದಿಲ್ಲದೆ, ಬೆನ್ನು ಬಗ್ಗಿಸದೆ, ಪುಟ ಒದ್ದೆಯಾಗದಂತೆ ಅದನ್ನು ದೂರ ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ಅಕ್ಕ ಕನ್ನಡಕ ತೆಗೆದು ಒರೆಸಿದಳು, ಎಲ್ಲಿಟ್ಟಳೋ, ಆಮೇಲೆ ಅದಕ್ಕಾಗಿ ಹುಡುಕಾಟ ಶುರುವಾಯಿತು. ಅದು ಅವಳ ಕಿಸೆಯಲ್ಲೇ ಇತ್ತು.

"ನಾಲ್ಕನೇದನ್ನ ಎಳೀತೀರಾ?" ಎಂದು ಕೇಳಿದಳು, ಕನ್ನಡಕ ಸಿಕ್ಕಿದ ಮೇಲೆ. "ಈಗ ಎಳೆದ್ರೆ ಹಾರುತ್ತೆ. ಗೋಡೆ ಮರೆಯಿಂದ ನೀವೇ ಎಳೀಬಹುದು."

ದರ್ಜಿಯಮ್ಮ ಹುರಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದರು. ಮೆಲ್ಲಗೆ ಬಿಚ್ಚಿ ಅಕ್ಕನಿಗೆ ಕೊಟ್ಟರು.

"ಬೇಡ ಮಗಳೇ. ಅಪ್ಪ ಎಳೆದಿದ್ದು ಮೂರೇ ಸಲ. ನಂಗೂ ಮೂರು ಸಾಕು."

ಅಕ್ಕ ರಿವಾಲ್ವರನ್ನು ಪೂರ್ತಿ ತೆರೆದಳು. ಎರಡು ತೋಟಾಗಳು ಮೇಲೆದ್ದು ಅವಳ ಅಂಗೈಗೆ ಬಿದ್ದವು. ಖಾಲಿಯೆಂದು ಮೂರು ಸಲ ನೋಡಿ, ಮೂರನೆಯ ಸಲ ನನಗೂ ತೋರಿಸಿದಳು. ಈ ಸಲ ನಾನು ಎರಡೂ ಕಣ್ಣು ಬಿಟ್ಟು ನೋಡಿದೆ.

ವರದಿ ಎರಡು ಪುಟವಾಯಿತು. ಅಕ್ಕ ಹೇಳಿದಳು, ನಾನು ಬರೆದೆ. ಆಯುಧದ ಸಂಖ್ಯೆ, ಅಳತೆ, ಆರು ಮನೆಗಳ ಪರೀಕ್ಷೆ, ತಾನೇ ತಪ್ಪಾಗಿ ತುಂಬಿದ ಸಂಗತಿ ಕೂಡ. ಅದನ್ನು ಬಿಡೋಣವೆಂದೆ. "ಮುಖ್ಯವಾದ್ದೇ ಅದು. ನಾನು ಗೊತ್ತಿದ್ದೂ ತಪ್ಪಿದೆ, ಅವರಿಗೆ ಯಾರೂ ಹೇಳೇ ಇರ್ಲಿಲ್ಲ" ಎಂದಳು. ಕೊನೆಯ ಸಾಲು ಹೀಗಿತ್ತು: "ಕಾವಲುಗಾರ ತನ್ನ ಹೇಳಿಕೆಯಂತೆ ತುಂಬಿದ್ದರೆ, ಮೂರು ಸಲ ಟ್ರಿಗರ್ ಎಳೆಯದ ಹೊರತು ತೋಟಾಗಳು ವಿಚಾರಣೆಯ ಚಿತ್ರದಲ್ಲಿರುವ ಜಾಗಕ್ಕೆ ಬರುವುದಿಲ್ಲ." ಪುಸ್ತಕ ಬರೆಯುವವರು ಮೈದಾನಕ್ಕೇ ಬಂದು ಹುರಿ ಎಳೆದು ನೋಡಿದರು. ಮಾತು ಉಳಿಸಿಕೊಂಡರು. ಹೆದರಿ ನಿಂತ ಎಂದಿದ್ದ ಕಡೆ ಈಗ ಅಕ್ಕನ ಸಾಲೇ ಅಚ್ಚಾಗಿದೆ.

ತಿಂಗಳ ಕೊನೆಯ ದಿನ ದರ್ಜಿಯಮ್ಮ ರಿವಾಲ್ವರ್ ತೆಗೆದುಕೊಂಡು ಹೋಗಲು ಬಂದರು. ಅಕ್ಕ ಅದಕ್ಕೊಂದು ಚೀಟಿ ಕಟ್ಟಿದ್ದಳು: ಕಪ್ಪು ಮದ್ದು ಮಾತ್ರ, ಬಲಕ್ಕೆ ತಿರುಗುತ್ತದೆ, ಎಡಕ್ಕೆ ತುಂಬಬೇಕು. ನಾನು ದಾಖಲೆ ಪುಸ್ತಕ ತೆರೆದು, ಆಯುಧ ಒಪ್ಪಿಸಿಕೊಂಡವರ ಸಾಲಿಗೆ ಬಂದೆ. ಮೊದಲ ದಿನದ ನನ್ನ ಮಾತನ್ನು ನಾನಿನ್ನೂ ಮರೆತಿರಲಿಲ್ಲ. ಹಾಗಾಗಿ ಬಹಳ ಮರ್ಯಾದೆಯಿಂದ ಕೇಳಿದೆ.

"ಪರವಾನಗಿಯಲ್ಲಿರೋ ಹೆಸರು ಬರ್ದಿದೀನಿ. ಪಕ್ಕದಲ್ಲಿ ಗುರುತಿಗೆ ಏನಂತ ಹಾಕ್ಲಿ ಅಮ್ಮಾ? ಹೊಲಿಗೆ ಅಂಗಡಿ ಅಂತ ಹಾಕ್ಲಾ?"

ಅವರು ಡಬ್ಬಿಯ ಮುಚ್ಚಳ ಹಾಕಿ, ನೆಟ್ಟಗೆ ನಿಂತು, ಬೀದಿಗೂ ಕೇಳುವ ಹಾಗೆ ಹೇಳಿದರು.

"ಮೂರ್ಸಲದ ಮಗಳು ಅಂತ ಬರಿ."